ನೂರಕ್ಕೆ ನಲವತ್ತು ಪಾಲು

ವಿಜಯಪುರ (ದೇವನಹಳ್ಳಿ ತಾಲ್ಲೂಕು)
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ತಮ್ಮ ಕಾಂತರಾಜುವಿಗೆ,

ನಿನ್ನ ಅಕ್ಕ ಸೊಣ್ಣಮ್ಮ ಬರೆಯುತ್ತಿದ್ದೇನೆ. ಇಲ್ಲಿ ನಾನು ಗಟ್ಟಿಯಾಗಿದ್ದೇನೆ, ಸಿಟ್ಟೊಂದನ್ನು ಬಿಟ್ಟರೆ ಬೇರೆ ಕಾಯಿಲೆ ಇಲ್ಲ. ಅಲ್ಲಿ ಸೇಲಂನಲ್ಲಿ ನಿನ್ನ ಬಾಣಂತಿ ಮಗಳು ಮೋನಿಷಾ ಎದ್ದು ಓಡಾಡುತ್ತಿದ್ದಾಳಾ? ಏಳು ತಿಂಗಳಿಗೇ ಹುಟ್ಟಿದ ಕೂಸು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂತೆಂದೂ ತೂಕ ಎರಡು ಕೆಜಿ ಮುಟ್ಟಿತೆಂದೂ ಅವಳೇ ಫೋನಿನಲ್ಲಿ ಹೇಳಿದಳು. ಕೇಳಿ ಹೊಟ್ಟೆ ತಣ್ಣಗಾಯಿತು. ಆದರೆ 'ಅಪ್ಪನಿಗೆ ಕೊಡೇ' ಅಂದರೆ ಸಾಕು, 'ಅಪ್ಪ ಮಲಗವ್ರೆ ಅತ್ತೆ' ಎನ್ನುತ್ತಾಳೆ. ಬೆಳಿಗ್ಗೆ ಹತ್ತಕ್ಕೂ ಮಲಗಿರುತ್ತೀಯ, ಸಂಜೆ ಐದಕ್ಕೂ ಮಲಗಿರುತ್ತೀಯ. ಅದಕ್ಕೇ ಈ ಕಾಗದ. ನಿನ್ನ ಮಂಡಿ ನೋವಿಗೆ ಎಣ್ಣೆ ಹಚ್ಚಿಕೋ, ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದು ಜಾಸ್ತಿ ಮಾಡಿಕೊಳ್ಳಬೇಡ. ಇನ್ನು ವಿಷಯಕ್ಕೆ ಬರುತ್ತೇನೆ.

ನೀನು ಗೊತ್ತುಮಾಡಿ ಹೋದ ಬೆಂಗಳೂರಿನ ಹಣವಂತ, ಆ ಶ್ರೀಧರ್, ಹೋದ ಬುಧವಾರ ನಮ್ಮ ರೇಷ್ಮೆ ಹುರಿ ಮಾಡುವ ಶೆಡ್ಡಿಗೆ ಬಂದಿದ್ದ. ಧರ್ಮಾವರದ ವ್ಯಾಪಾರಿ ಎರಡರಷ್ಟು ನೂಲು ಕೇಳುತ್ತಿದ್ದಾನೆ, ಇರುವ ಆರು ಮಿಷಿನ್ನು ಸಾಲುವುದಿಲ್ಲ, ಹೊಸ ಮಿಷಿನ್ನಿಗೆ ದುಡ್ಡು ಬೇಕು ಎಂಬುದರಲ್ಲಿ ನಿನಗೂ ನನಗೂ ಜಗಳವಿರಲಿಲ್ಲ. ದುಡ್ಡು ಎಲ್ಲಿಂದ ಎಂಬುದೇ ಜಗಳ. 'ಬ್ಯಾಂಕ್‌ನೋರು ಮಳೆ ಬಂದ್ರೂ ಕಂತು ಕೇಳ್ತಾರೆ, ವ್ಯಾಪಾರ ನಿಂತ್ರೂ ಕೇಳ್ತಾರೆ. ಪಾಲುದಾರ ಬಂದ್ರೆ ನಷ್ಟದಾಗೂ ಅವ್ನ ಭುಜ ಇರ್ತದೆ' ಅಂದಿದ್ದೆ ನೀನು. ಆ ಮಾತು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಯಾರ ಭುಜ ಎಂದು ನೋಡಬೇಡವೇ?

ಆ ಮನುಷ್ಯ ಮಿಷಿನ್ನುಗಳ ಕಡೆ ತಲೆ ಎತ್ತಿಯೂ ನೋಡಲಿಲ್ಲ ಕಣೋ. ಚಪ್ಪಲಿ ಕಾಲಲ್ಲೇ ಒಳಗೆ ಬಂದು, ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ, ಕಾಂಪೌಂಡಿನ ಉದ್ದಕ್ಕೂ ಹೆಜ್ಜೆ ಹಾಕಿ ಅಳೆದ. ದೇವನಹಳ್ಳಿ ರಸ್ತೆ ಅಗಲವಾಗುತ್ತದಾ, ಎಷ್ಟು ಅಡಿ ಹೋಗುತ್ತದೆ, ಏರ್‌ಪೋರ್ಟಿಗೆ ಎಷ್ಟು ನಿಮಿಷ, ಇಷ್ಟೇ ಅವನ ಪ್ರಶ್ನೆ. ನೂಲಿನ ಬಗ್ಗೆ ಒಂದು ಮಾತಿಲ್ಲ. ಇಪ್ಪತ್ತಮೂರು ವರ್ಷದಿಂದ ಕಡಿದ ಎಳೆ ಗಂಟು ಹಾಕುತ್ತಿರುವ ನಮ್ಮ ಮಾರಕ್ಕನನ್ನು ತೋರಿಸಿ, ಅವಳ ಎದುರಿಗೇ, 'ಈ ವಯಸ್ಸಿನವ್ರನ್ನೆಲ್ಲ ಯಾಕೆ ಇಟ್ಕೊಂಡಿದ್ದೀರ? ನಾನ್ ಬಂದ್ಮೇಲೆ ಇದೆಲ್ಲ ಕ್ಲೀನ್ ಆಗ್ಬೇಕು' ಅಂದ. ಮಾರಕ್ಕ ಕಸವೇನೋ ಕ್ಲೀನ್ ಮಾಡುವುದಕ್ಕೆ! ಅವಳು ತಲೆ ತಗ್ಗಿಸಿ ಎಳೆ ಹುಡುಕುತ್ತಲೇ ಇದ್ದಳು. ನನಗೆ ಮೈಯೆಲ್ಲ ಉರಿಯಿತು.

ಅವನು ಕೊಟ್ಟುಹೋದ ಕರಾರು ಪತ್ರವನ್ನು ಪಕ್ಕದ ಮನೆಯ ಅಕ್ಷತಳಿಂದ ಓದಿಸಿದೆ. ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ, ಸಾಲು ಸಾಲಾಗಿ ಬಿಡಿಸಿ ಹೇಳಿದಳು. ನಮ್ಮ ಇಡೀ ವ್ಯವಹಾರಕ್ಕೆ ಅವನು ಕಟ್ಟಿರುವ ಬೆಲೆ ಅರವತ್ತು ಲಕ್ಷ. ಅವನು ಹಾಕುವುದು ನಲವತ್ತು. ಒಟ್ಟು ಒಂದು ಕೋಟಿಯಲ್ಲಿ ನೂರಕ್ಕೆ ನಲವತ್ತು ಪಾಲು ಅವನದು. ನ್ಯಾಯವಾಗಿಯೇ ಕಾಣುತ್ತದೆ ಅಲ್ಲವೇ? ಶೆಡ್ಡು ನಿಂತಿರುವ ಎಂಟು ಗುಂಟೆ ನೆಲ ನಮ್ಮ ಸಂಸ್ಥೆಯ ಹೆಸರಿನಲ್ಲಿದೆ ಕಣೋ ದಡ್ಡ! ಅದೊಂದಕ್ಕೇ ಇವತ್ತು ಎರಡೂವರೆ ಕೋಟಿ ಕೊಡುವವರಿದ್ದಾರೆ. ಅವನ ಲೆಕ್ಕದಲ್ಲಿ ಆ ನೆಲಕ್ಕೆ ಅಪ್ಪ ಕೊಂಡಾಗಿನ ಬೆಲೆ. ಅದರ ಮೇಲೆ ಇನ್ನೊಂದು ಷರತ್ತು: ಮೂರು ವರ್ಷದ ಮೇಲೆ ಅವನ ಪಾಲನ್ನು ಅವನು ಹೇಳಿದ ದರಕ್ಕೆ ನಾವು ಕೊಳ್ಳಲಾಗದಿದ್ದರೆ, ಆಸ್ತಿ ಮಾರಿಸುವ ಹಕ್ಕು ಅವನಿಗೆ. ಬಡ್ಡಿ ಇಲ್ಲ, ಕಂತು ಇಲ್ಲ ಎಂದು ನೀನು ಹಿಗ್ಗಿದೆಯಲ್ಲ, ಅವನಿಗೆ ಬಡ್ಡಿ ಏಕೆ ಬೇಕು? ಇಂಥ ಕಾಗದಕ್ಕೆ ರುಜು ಹಾಕು ಎಂದು ನನಗೆ ಹೇಳಿ ಹೋದೆಯಲ್ಲ, ಒಂದು ಸಲವಾದರೂ ಓದಿದ್ದೆಯಾ?

ಸಿಟ್ಟಿನಲ್ಲೇ ಮಾರನೆಯ ದಿನ ಬ್ಯಾಂಕಿಗೆ ಹೋದೆ. ಅಲ್ಲಿ ಇನ್ನೊಂದು ಥರ. ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಮ್ಯಾನೇಜರು 'ಮನೇಲಿ ಗಂಡಸ್ರು ಯಾರೂ ಬರ್ಲಿಲ್ವಾಮ್ಮ?' ಅಂದ. 'ಗಂಡಸ್ರು ಸೇಲಂನಾಗ್ ಮಲಗವ್ರೆ. ಹದಿನಾರು ವರ್ಷದಿಂದ ನಿಮ್ ಬ್ಯಾಂಕ್‌ಗೆ ದುಡ್ಡು ತಂದ್ ಕಟ್ತಿರೋಳು ನಾನು, ನನ್ ಜೊತೆ ಮಾತಾಡಿ' ಅಂದೆ. ಆಮೇಲೆ ಕುರ್ಚಿ ಕೊಟ್ಟ. ಎರಡು ಮಿಷಿನ್ನಿಗೆ ಇಪ್ಪತ್ತೈದು ಲಕ್ಷ. ಅದರಲ್ಲಿ ಇಪ್ಪತ್ತು ಅವರದು, ಐದು ನಾವು ಹಾಕಬೇಕು. ಸರ್ಕಾರದ ಖಾತರಿ ಇರುವುದರಿಂದ ನೆಲದ ಪತ್ರ ಬೇಡ, ಮಿಷಿನ್ನುಗಳೇ ಅಡಮಾನ. ತಿಂಗಳಿಗೆ ನಲವತ್ತಮೂರು ಸಾವಿರದಂತೆ ಐದು ವರ್ಷ. ಎರಡು ದಿನ ಕೂತು ಲೆಕ್ಕ ಹಾಕಿದೆ. ಧರ್ಮಾವರದವನು ಕೈಕೊಟ್ಟರೂ ಹಳೆಯ ಗಿರಾಕಿಗಳಿಂದ ಕಂತು ಹುಟ್ಟುತ್ತದೆ, ನಮ್ಮಿಬ್ಬರ ಕೈಗೆ ಮಾತ್ರ ಏನೂ ಉಳಿಯುವುದಿಲ್ಲ. ನಾವಿಬ್ಬರೂ ಎಣಿಸಿದ್ದ ನಾಲ್ಕು ಮಿಷಿನ್ನಿನ ಆಸೆ ಬಿಟ್ಟೆ. ಎರಡಾದರೆ ಹೊರಬಹುದು. ಕಷ್ಟ ನಿಜ, ಆದರೆ ಅರವತ್ತನೇ ಕಂತು ಕಟ್ಟಿದ ದಿನ ಬ್ಯಾಂಕಿನವನು ಎದ್ದು ಹೋಗುತ್ತಾನೆ. ಶ್ರೀಧರ್ ಏಳುವವನಲ್ಲ.

ನಾವು ಹಾಕಬೇಕಾದ ಐದು ಲಕ್ಷಕ್ಕೆ ನನ್ನ ಅಂಚೆ ಕಚೇರಿ ಠೇವಣಿ ನಂಬಿದ್ದೆ. ಅದು ಈಗ ಇಲ್ಲ. ಏಕೆಂದು ಆಮೇಲೆ ಬರೆಯುತ್ತೇನೆ. ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಮಾರಕ್ಕ ಬಂದಳು, ಹಿಂದೆ ಇನ್ನೂ ಐದು ಜನ ಕೆಲಸದ ಹೆಂಗಸರು. ಅವರ ಸಂಘದಲ್ಲಿ ಕೂಡಿಟ್ಟ ಐದು ಲಕ್ಷ ಕೊಡುತ್ತೇವೆ ಎಂದರು. ಕಣ್ಣು ತುಂಬಿ ಬಂತು, 'ಬ್ಯಾಂಕ್‌ಗಿಂತ ಒಂದು ರೂಪಾಯಿ ಜಾಸ್ತಿ ಬಡ್ಡಿ ಕೊಡ್ತೀನಿ' ಅಂದೆ. ಮಾರಕ್ಕ, 'ಬಡ್ಡಿ ಬ್ಯಾಡಕ್ಕ, ಪಾಲು ಕೊಡು' ಅಂದಳು. ನಿಜ ಹೇಳುತ್ತೇನೆ, ತುಂಬಿದ ಕಣ್ಣು ಅಲ್ಲೇ ಒಣಗಿಹೋಯಿತು. 'ಏನೇ, ಯಜಮಾನಿ ಆಗಕ್ಕೆ ಹೊರಟ್ಯಾ?' ಎಂದುಬಿಟ್ಟೆ. ಅವಳಿಗೆ ಕೋಪವೇ ಬರಲಿಲ್ಲ. 'ಮಿಷಿನ್ ನಿಂತ ದಿನ ನಮ್ ಕೂಲಿನೂ ನಿಲ್ತದೆ. ಮುಳುಗೋದ್ರಾಗೆ ನಮ್ಗೆ ಯಾವತ್ತೂ ಪಾಲು ಐತೆ. ಬರೋದ್ರಾಗ್ ಯಾಕಿರಬಾರ್ದು?' ಅಂದಳು. ಶ್ರೀಧರನ ಮೇಲೆ ಉರಿದುಬಿದ್ದವಳು ನಾನು, ಅವನು ಯಾರನ್ನು ಕಸವೆಂದನೋ ಅವಳನ್ನೇ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿದ್ದೆ. ನಾಚಿಕೆಯಾಯಿತು. ಒಳಗೆ ಕರೆದು ಕೂರಿಸಿದೆ. ಲಾಭದಲ್ಲಿ ನೂರಕ್ಕೆ ಎಂಟು ಅವರಿಗೆ. ನೆಲದ ಮೇಲೆ ಹಕ್ಕಿಲ್ಲ, ಬಿಟ್ಟು ಹೋಗುವವರು ಪಾಲನ್ನು ನಮಗೇ ಮಾರಬೇಕು. ನಾನು ಐದು ಅಂದಿದ್ದೆ, ಚೌಕಾಸಿ ಮಾಡಿ ಎಂಟಕ್ಕೆ ತಂದಳು. ಅಕ್ಷತ ಪತ್ರ ಬರೆಯುತ್ತಿದ್ದಾಳೆ. ನಿನ್ನನ್ನು ಕೇಳದೆ ಒಪ್ಪಿದೆ ಎಂದು ಮುಖ ಊದಿಸಬೇಡ. ನೀನು ನನ್ನನ್ನು ಕೇಳಿದ್ದೆಯಾ?

ಮೋನಿಷಾಗೆ ಮೆಂತ್ಯದ ಹಿಟ್ಟು ಬೇರೆ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. ಕೂಸಿನ ನೆತ್ತಿಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ನೀವೆಲ್ಲ ತಣ್ಣಗಿರಿ.

ಇಷ್ಟು ಬೈದರೂ ನಿನ್ನವಳೇ ಆದ ಅಕ್ಕ,
ಸೊಣ್ಣಮ್ಮ

ತಾ.ಕ.: ಆಗುವುದಿಲ್ಲವೆಂದು ಶ್ರೀಧರನಿಗೆ ಹೇಳಿದಾಗ ಅವನು ನಕ್ಕು, 'ನಿಮ್ ತಮ್ಮ ಈಗಾಗ್ಲೇ ಐದು ಲಕ್ಷ ಅಡ್ವಾನ್ಸ್ ತಗೊಂಡಿದ್ದಾರೆ' ಅಂದ. ಅವನು ತೋರಿಸಿದ ಚೀಟಿಯಲ್ಲಿ ಕೂಸು ಗಾಜಿನ ಪೆಟ್ಟಿಗೆಗೆ ಹೋದ ದಿನದ ತಾರೀಖು. ನೀನು ಫೋನು ಎತ್ತದಿದ್ದುದು ಏಕೆಂದು ಆಗ ಗೊತ್ತಾಯಿತು. ಅಪರಿಚಿತನ ಮುಂದೆ ಕೈ ಚಾಚಿದೆ, ನನಗೆ ಒಂದು ಮಾತು ಹೇಳಲಿಲ್ಲ. ಶನಿವಾರ ಠೇವಣಿ ಮುರಿಸಿ ಅವನ ದುಡ್ಡು ಅವನಿಗೆ ಕೊಟ್ಟು, ರಸೀದಿ ತೆಗೆದುಕೊಂಡಿದ್ದೇನೆ. ಅದನ್ನು ನನ್ನ ಸಾಲವೆಂದು ಎಲ್ಲಾದರೂ ಬರೆದಿಟ್ಟುಕೊಂಡೆಯೋ, ಕೆನ್ನೆಗೆ ಎರಡು ಬಿಡುತ್ತೇನೆ. ಬ್ಯಾಂಕಿಗೆ ನಮ್ಮಿಬ್ಬರ ರುಜುವೂ ಬೇಕು. ಗುರುವಾರ, ೨೧ನೇ ತಾರೀಖು, ಹತ್ತೂವರೆ ಗಂಟೆ. ಎದ್ದು ಬಾರೋ.