ಹೊಸ ಬಣ್ಣದ ಹಿಂದಿನ ತೇವ

ಮಾವ,

ತಿಂಡಿ ಮುಚ್ಚಿಟ್ಟಿದ್ದೇನೆ, ತಿಂದು ಮಾತ್ರೆ ತೆಗೆದುಕೊಳ್ಳಿ.

ಆ ಮನೆಯ ಬಾಡಿಗೆ ಕರಾರಿಗೆ ನಾನು ಸಹಿ ಹಾಕುವುದಿಲ್ಲ. ಮೊನ್ನೆ ನೀವು ಹೊಸ ಬಣ್ಣದ ಗೋಡೆಗೆ ಅಂಗೈ ಒತ್ತಿ, "ಒಳಗೆ ತೇವ ಇದೆ ಕಣಮ್ಮ, ಮೊದಲು ಇದ್ದವರನ್ನ ಕೇಳು" ಎಂದಾಗ ಸಿಟ್ಟು ಬಂದಿತ್ತು. ಪೈಪ್ ಕೆಲಸ ಬಿಟ್ಟರೂ ತಪ್ಪು ಹುಡುಕುವ ಚಟ ಬಿಟ್ಟಿಲ್ಲ ಎಂದುಕೊಂಡೆ.

ಆದರೂ ನಿನ್ನೆ ಆ ಮನೆಯ ಕೆಳಗಿನ ಅಂಗಡಿಯ ದರ್ಜಿಯಿಂದ ನಂಬರ್ ಪಡೆದು, ಅಲ್ಲಿ ಮೊದಲಿದ್ದ ನರ್ಸಮ್ಮನಿಗೆ ಫೋನ್ ಮಾಡಿದೆ. "ಎಷ್ಟು ಸಲ ಹೇಳಿದ್ರೂ ಮಾಲೀಕರು ರಿಪೇರಿ ಮಾಡಿಸ್ಲಿಲ್ಲ, ಬಣ್ಣ ಬಳಿಸಿದ್ರು ಅಷ್ಟೆ. ನನ್ನ ಮಗೂಗೆ ಕೆಮ್ಮು ನಿಲ್ತಾನೇ ಇರಲಿಲ್ಲ" ಎಂದರು. ನಮ್ಮ ಪುಟ್ಟಿಗೆ ಮೊದಲೇ ಉಬ್ಬಸ. ನಿಮ್ಮ ಹಟದಿಂದ ಬಚಾವಾದೆವು, ಮಾವ.

ಸಂಜೆ ಐದಕ್ಕೆ ಇನ್ನೊಂದು ಮನೆ ನೋಡಲಿಕ್ಕಿದೆ, ಸಿದ್ಧವಾಗಿರಿ. ನಿಧಾನವಾಗಿ ನೋಡಿ, ಬೇಕಾದ್ದು ಕೇಳಿ. ನೀವು ಹೂಂ ಅನ್ನುವ ತನಕ ನಾನು ಪೆನ್ನು ತೆಗೆಯುವುದಿಲ್ಲ.

ನಿಮ್ಮ ಸೊಸೆ