ನಿನ್ನ ಭಾವ ಬೆಳಿಗ್ಗೆ ಹೋಗುವ ಜಾಗ

ಬಾಣಸವಾಡಿ
19-1-2025, ಭಾನುವಾರ

ತಂಗಿ ಧನಲಕ್ಷ್ಮಿಗೆ ಅಕ್ಕನ ಆಶೀರ್ವಾದ.

ಮರ್ಫಿ ಟೌನ್ ಏನು ದೂರವಿಲ್ಲ, ಬಂದೇ ಹೇಳಬಹುದಿತ್ತು. ಆದರೆ ನಿನ್ನ ಮುಖ ನೋಡಿದರೆ ನನಗೆ ಹೇಳಲು ಬಾಯಿ ಬರುವುದಿಲ್ಲ. ಫೋನು ಮಾಡೋಣವೆಂದರೆ ಸೊಸೆ ಸುಕನ್ಯಳಿಗೆ ಮೈಯೆಲ್ಲ ಕಿವಿ. ಅದಕ್ಕೇ ಈ ಕಾಗದ.

ನಿನ್ನ ಭಾವ ಎರಡು ತಿಂಗಳಿಂದ ಬೆಳಿಗ್ಗೆ ಐದೂವರೆಗೆ ವಾಕಿಂಗ್ ಅಂತ ಹೊರಡುತ್ತಾರೆ, ಬರುವುದು ಹತ್ತಕ್ಕೆ. ಮುಖದಲ್ಲಿ ಮದುಮಗನ ಕಳೆ. ನಮ್ಮ ಸೊಪ್ಪಿನ ತೋಟ ಹೋಗಿ ಅಲ್ಲಿ ಬಾಡಿಗೆ ಮನೆಗಳು ಎದ್ದ ಮೇಲೆ ದಿನಾ ತಟ್ಟೆ ಮುಂದೆ ಕೂತು, ನಾನಿನ್ನು ಯಾತಕ್ಕೆ ಬದುಕಿರ್ಬೇಕು ಗಂಗಾ ಎಂದು ಕೇಳುತ್ತಿದ್ದ ಮನುಷ್ಯ ಇವರು! ಈಗ ಹಾಡು ಗುನುಗುತ್ತಾರೆ. ಅರವತ್ತೆಂಟರ ಗಂಡಸು ಸುಮ್ಮಸುಮ್ಮನೆ ಹಾಡುತ್ತಾನೆಯೇ? ಯಾವಳೋ ಇದ್ದಾಳೆ ಅಂದುಕೊಂಡೆ. ಅಂಗಿ ಮೂಸಿದೆ, ಜೇಬು ತಡಕಿದೆ. ನಾಚಿಕೆಗೇಡು, ಆದರೂ ಮಾಡಿದೆ. ಜೇಬಿನಲ್ಲಿ ಬಾಳೆನಾರು ಸಿಕ್ಕಿತು. ಯಾರಿಗೋ ಹೂವು ಕಟ್ಟಿಸಿಕೊಡುತ್ತಿದ್ದಾರೆ ಎಂದು ಹೊಟ್ಟೆ ಉರಿಯಿತು.

ಹೋದ ಸೋಮವಾರ ಸುಕನ್ಯ ರಸೆಲ್ ಮಾರುಕಟ್ಟೆಯಿಂದ ಕೊತ್ತಂಬರಿ ತಂದಳು. ಬಿಚ್ಚಲು ಹೋದ ನನ್ನ ಕೈ ನಿಂತುಬಿಟ್ಟಿತು. ಬಾಳೆನಾರು ಎಡಕ್ಕೆ ಎರಡು ಸುತ್ತು, ತುದಿ ಬೇರಿನ ಸಂದಿಗೆ. ಹಾಗೆ ಕಟ್ಟುವವರು ನಮ್ಮ ಮನೆಯವರೊಬ್ಬರೇ. ಮೂವತ್ತು ವರ್ಷ ಅವರ ಪಕ್ಕ ಕೂತು ಸೊಪ್ಪು ಕಟ್ಟಿದವಳು ನಾನು, ನನಗೆ ಗೊತ್ತಾಗದೆ?

ಮಂಗಳವಾರ ಅವರ ಹಿಂದಿನ ಬಸ್ಸು ಹಿಡಿದೆ. ಮಾರುಕಟ್ಟೆಯ ಕಂಬದ ಮರೆಯಿಂದ ನೋಡಿದೆ. ಸೊಪ್ಪು ಮಾರುವ ರುಕ್ಸಾರ್ ಎಂಬ ಹುಡುಗಿಯ ಪಕ್ಕ ಗೋಣಿ ಹಾಸಿಕೊಂಡು ಕೂತು ಕಟ್ಟು ಕಟ್ಟುತ್ತಿದ್ದಾರೆ. ಅವಳು ತಾತಾ, ತಾತಾ ಎನ್ನುತ್ತಿದ್ದಳು. ತಾತಾ ಅಂದುಬಿಟ್ಟರೆ ಆಯಿತೇ ಎಂದು ಇನ್ನೂ ಸ್ವಲ್ಪ ಹೊತ್ತು ನಿಂತೆ. ಇವರು ನೋಡುತ್ತಿದ್ದದ್ದು ಅವಳನ್ನಲ್ಲ, ಸೊಪ್ಪನ್ನು. ಹಳದಿ ಎಲೆ ಕಿತ್ತು, ಬೇರಿನ ಮಣ್ಣು ಕೊಡವಿ, ಒಮ್ಮೆ ಮೂಸಿ ಕಟ್ಟುತ್ತಿದ್ದರು.

ಇನ್ನೊಬ್ಬಳು ಇದ್ದಿದ್ದರೆ ಜುಟ್ಟು ಹಿಡಿದು ಜಗಳವಾಡುತ್ತಿದ್ದೆ ಧನಾ. ನನ್ನನ್ನು ಬಿಟ್ಟು ಒಬ್ಬರೇ ಬದುಕುವ ದಾರಿ ಹುಡುಕಿಕೊಂಡರಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಯಾರನ್ನೂ ಮಾತನಾಡಿಸದೆ ಮನೆಗೆ ಬಂದುಬಿಟ್ಟೆ.

ಈಗ ಕೆಲವು ದಿನದಿಂದ ವಾಕಿಂಗ್ ಇಲ್ಲ, ಮಂಡಿನೋವಿರಬೇಕು. ಉಳಿದಂತೆ ನಾವೆಲ್ಲ ಚೆನ್ನಾಗಿದ್ದೇವೆ.

ನಿನ್ನ ಅಕ್ಕ,
ಗಂಗಲಕ್ಷ್ಮಮ್ಮ

ಬರೆಯದೆ ಬಿಟ್ಟದ್ದು: ಮಾತನಾಡಿಸದೆ ಬಂದೆ ಎಂದದ್ದು ಸುಳ್ಳು, ಮಂಡಿನೋವೂ ಸುಳ್ಳು. ಇವರು ಟೀ ಕುಡಿಯಲು ಎದ್ದಾಗ ಆ ಹುಡುಗಿಯ ಹತ್ತಿರ ಹೋಗಿ, ಈ ತಾತನಿಗೆ ಹಾರ್ಟ್ ಆಪರೇಷನ್ ಆಗಿದೆ, ಇಲ್ಲೇ ಏನಾದ್ರೂ ಆದ್ರೆ ನಿನ್ನ ತಲೆಗೇ ಬರುತ್ತೆ ಎಂದು ಇಲ್ಲದ್ದು ಹೇಳಿ ಹೆದರಿಸಿದೆ. ಅವಳು ಕಾರಣ ಹೇಳದೆ ಇವರಿಗೆ ಬರಬೇಡಿ ಎಂದಿದ್ದಾಳೆ. ನಿನ್ನೆ ಗೋಡೆ ನೋಡುತ್ತ, ಆ ಮಗೂಗೂ ನಾನು ಬೇಡವಾದೆ ಕಣೇ ಅಂದರು. ಅಲ್ಲಿಂದೀಚೆಗೆ ಊಟ ಮುಟ್ಟಿಲ್ಲ. ಈ ಕಾಗದ ಸಿಕ್ಕಿದ ದಿನವೇ ಹೋಗಿ ಅವಳಿಗೆ ನಿಜ ಹೇಳು, ಅವಳೇ ಇವರನ್ನು ಕರೆಯಲಿ. ಮಾಡಿದವಳು ನಾನೆಂದು ಮಾತ್ರ ಇವರಿಗೆ ಗೊತ್ತಾಗದಿರಲಿ.