ಕಿಟಕಿಯ ಕೆಳಗಿನ ಸಣ್ಣ ತೂತುಗಳು

ಪ್ರೀತಿಯ ಅಣ್ಣನಿಗೆ, ಮರಳೂರಿನಿಂದ ನಿನ್ನ ತಂಗಿ ಜಯಳ ನಮಸ್ಕಾರ.

ಅಲ್ಲಿ ಅಪ್ಪ ಹೇಗಿದ್ದಾರೆ? ಅಮ್ಮನ ಮಂಡಿನೋವು ಅಲ್ಲಾದರೂ ಬಿಟ್ಟಿದೆಯಾ? ನೀನು ಕನ್ನಡಕ ಇಲ್ಲೇ ಬಿಟ್ಟು ಹೋದೆಯಲ್ಲ, ಇದನ್ನು ಅಪ್ಪನ ಕೈಲಿ ಓದಿಸಿಕೋ. ಇಲ್ಲಿ ಶಾರದತ್ತಿಗೆ ಕುಣಿಗಲ್‌ನಲ್ಲಿ ಮಗಳ ಮನೆಯಲ್ಲಿ ಆರಾಮಾಗಿದ್ದಾರೆ. ನನ್ನ ಮಗ ಮಂಜುವೂ ಚೆನ್ನಾಗಿದ್ದಾನೆ, ನನ್ನ ಮೇಲೆ ರೇಗುವುದೊಂದು ಬಿಟ್ಟರೆ.

ರೇಗಿದ್ದು ನಿನ್ನ ಕಿಟಕಿಗಳಿಗಾಗಿ. ಈ ಮನೆ ಕಟ್ಟಿದಾಗ ಗುಬ್ಬಿಯ ನಿನ್ನ ಅಂಗಡಿಯಲ್ಲಿ ನಾಲ್ಕು ಕಿಟಕಿ ಮಾಡಿ, ಟೆಂಪೋದಲ್ಲಿ ಅವುಗಳನ್ನು ಹಿಡಿದುಕೊಂಡು ನಿಂತೇ ಬಂದೆ, ನೆನಪಿದೆಯಾ? ನೀನು ಹೋದ ಮೇಲೆ ಅವೇ ನನಗೆ ನೀನು. ಪ್ರತಿ ಗೌರಿ ಹಬ್ಬಕ್ಕೆ ನಾನೇ ಬ್ರಷ್ ಹಿಡಿದು ಬಣ್ಣ ಬಳಿಯುತ್ತಿದ್ದೆ. ಆದರೂ ಎರಡು ಮಳೆಗಾಲದಿಂದ ಕಿಟಕಿ ಬಾಗಿಲು ಉಬ್ಬಿ, ಭುಜ ಕೊಟ್ಟು ತಳ್ಳಬೇಕು. ಬಸ್ಸು ಹೋದರೆ ಗಾಜು ಗಡಗಡ. ಮುಚ್ಚಿದ್ದರೂ ನೀರು ಗೋಡೆಗುಂಟ ಇಳಿದು ಹಾಸಿಗೆಯವರೆಗೆ. ಸಂದಿಗೆ ಹಳೇ ಸೀರೆ ತುರುಕಿದೆ.

"ಅಮ್ಮ, ಮಾವನ್ನೇನು ಚೌಕಟ್ನಾಗೆ ಕೂರಿಸ್ಕೊಂಡಿದೀಯಾ? ಬದಲಾಯ್ಸೋಣ" ಅಂದ ಮಂಜು.

"ಮುಟ್ಟಿ ನೋಡು, ಅತ್ತಿಗೆ ಹತ್ರ ಹೊಂಟೋಗ್ತೀನಿ" ಅಂದೆ. ಕಿತ್ತರೆ ನಿನ್ನನ್ನು ಎರಡನೇ ಸಲ…

ಆಮೇಲೆ ಗುಬ್ಬಿಯ ಆ ಮೇಷ್ಟ್ರ ಮನೆ ನೆನಪಾಯಿತು. ಅವತ್ತು ನಾನೂ ನಿನ್ನ ಜೊತೆ ಬಂದಿದ್ದೆ. ನೀನೇ ಮಾಡಿದ್ದ ಕಿಟಕಿಯ ಚೌಕಟ್ಟಿನ ಕೆಳಮೂಲೆಗೆ ನೀನು ಸ್ಕ್ರೂಡ್ರೈವರ್ ಒತ್ತಿದೆ. "ನೋಡೇ ಜಯಾ, ಮೊನೆ ಮೇಲೇ ನಿಂತ್ರೆ ಕೀಲು ಬದಲಾಯ್ಸಿದ್ರೆ ಸಾಕು. ಉಗುರಷ್ಟು ಹೋದ್ರೆ ಬೇರೆ ತುಂಡು ಹಾಕ್ಬೋದು. ಹಿಂಗೆ ಬೆರಳುದ್ದ ಇಳೀತಾ, ಮುಗೀತು. ಬಣ್ಣ ನೋಡ್ಬ್ಯಾಡ, ಅದು ಸುಳ್ಳು ಹೇಳ್ತೈತೆ."

"ನಿನ್ನ ಕೈಕೆಲಸ ಕಣಯ್ಯ, ಇರ್ಲಿ ಬುಡು" ಅಂದರು ಮೇಷ್ಟ್ರು.

ನೀನು ನಕ್ಕೆ. "ಮಳೆ ತಡೀದಿದ್ರೆ ಅದು ಕಿಟಕಿ ಅಲ್ಲ ಮೇಷ್ಟ್ರೇ, ನನ್ನ ಫೋಟೊ. ಬೇಕಾದ್ರೆ ಹಾರ ಹಾಕಿ ಇಟ್ಕಳಿ. ಗೋಡೆಗೆ ಮಾತ್ರ ಕಿಟಕಿ ಇಡ್ಸಿ." ತನ್ನ ಕೆಲಸಕ್ಕೆ ತಾನೇ ಹೀಗೆ ತೀರ್ಪು ಹೇಳುವವರನ್ನು ನಾನು ಮತ್ತೆ ಕಂಡಿಲ್ಲ ಅಣ್ಣ.

ಇಲ್ಲಿ ನಮ್ಮ ಕಿಟಕಿಗೆ ನಾನೂ ಹಾಗೇ ಒತ್ತಿ ನೋಡಿದೆ. ಬೆರಳುದ್ದ ಇಳಿಯಿತು. "ಆಯ್ತು ಕಣೋ, ಕರೆಸು" ಅಂದೆ ಮಂಜುವಿಗೆ.

ಅಂತರಸನಹಳ್ಳಿಯ ವರ್ಕ್‌ಶಾಪಿನಿಂದ ಬಂದ ಬಡಗಿ ಚೌಕಟ್ಟಿನ ಹೊರಮೈಯ ಬಣ್ಣ ಕೆರೆಯುತ್ತಾ ನಿಂತುಬಿಟ್ಟ. "ಅಜ್ಜಿ, ನೀರು ಹೊರಕ್ಕೋಗ್ಲಿ ಅಂತ ಕೆಳಗೆ ತೂತು ಕೊರ್ದವ್ರೆ! ಎಷ್ಟು ಯೋಚ್ನೆ ಮಾಡಿರ್ಬೇಕು ಆ ಯಪ್ಪ. ಇದನ್ನ ಮುಚ್ಚಿದ ಪುಣ್ಯಾತ್ಮ ಯಾರು?"

ನಾನೇ ಅಣ್ಣ. ಗೆದ್ದಲು ಕೊರೆದದ್ದು ಅಂದುಕೊಂಡು ವರ್ಷ ವರ್ಷ ಪುಟ್ಟಿ ತುಂಬಿ, ಮೇಲೆ ಬಣ್ಣ ಬಳಿದವಳು ನಾನೇ. ನೀರು ಒಳಗೇ ನಿಂತು ಮರವನ್ನು ತಿಂದಿತ್ತು. ಒಂದು ಮಾತು ಮೊದಲೇ ಹೇಳಬಾರದಿತ್ತೇ ನೀನು? ಹೇಳಿದ್ದೆಯೇನೋ, ನಾನೇ ಕೇಳಿಸಿಕೊಳ್ಳಲಿಲ್ಲವೇನೋ.

ಮೂರು ಕಿಟಕಿ ಹೋದವು. ಅಡುಗೆಮನೆಯದು ಉಳಿದಿದೆ! ಅದರ ಹೊರಗೆ ಪಕ್ಕದವರ ಕಾಂಪೌಂಡ್ ಒತ್ತಿಕೊಂಡೇ ಇದೆಯಲ್ಲ, ನನ್ನ ಪುಟ್ಟಿ, ಬ್ರಷ್ಷು ಅಲ್ಲಿಗೆ ತೂರಲೇ ಇಲ್ಲ. ಒಳಗಿನಿಂದ ಬಡಗಿ ಸ್ಕ್ರೂಡ್ರೈವರ್ ಒತ್ತಿದ. ಮೊನೆ ಜಾರಿತೇ ಹೊರತು ಇಳಿಯಲಿಲ್ಲ. "ಇದನ್ನ ಕೀಳೋದು ಬ್ಯಾಡ" ಅಂದ.

ಹೊಸ ಕಿಟಕಿಗಳಿಗೂ ಕೆಳಗೆ ತೂತುಗಳಿವೆ. ಈ ಸಲ ಮುಚ್ಚುವುದಿಲ್ಲ, ನಿನ್ನಾಣೆ. ಬೈದಾದರೂ ಸರಿ, ಬೇಗ ಒಂದು ಕಾಗದ ಬರಿ. ನಾನು ಅಡುಗೆಮನೆಯಲ್ಲೇ ಇರುತ್ತೇನೆ.

ನಿನ್ನ ತಂಗಿ,
ಜಯ